ಮನೆ ಕಂಪ್ಯೂಟರಿಗೆ ನಂಬಿಕೆಯ ಬ್ಯಾಕಪ್: ಯಾವುದನ್ನು ಆರಿಸಬೇಕು, ಎಲ್ಲಿ ಇಡಬೇಕು?

ಮಲೆನಾಡಿನಲ್ಲಿ ಏಪ್ರಿಲ್ ಬಂತೆಂದರೆ ಸಂಜೆ ಹೊತ್ತಿಗೆ ಗುಡುಗು ಶುರು. ಮೂರು ವರ್ಷದ ಹಿಂದೆ ಅಂಥದ್ದೇ ಒಂದು ಸಂಜೆ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಕಂಪ್ಯೂಟರ್ ಆಫ್ ಆಗಿತ್ತು, ಆದರೆ ಪ್ಲಗ್ ತೆಗೆದಿರಲಿಲ್ಲ. ಅದರ ಜೊತೆಗೆ, ಬ್ಯಾಕಪ್ಪಿಗೆಂದೇ (ಅಂದರೆ ಫೈಲುಗಳ ಇನ್ನೊಂದು ಪ್ರತಿ ಇಡುವುದಕ್ಕೆಂದೇ) ತಂದು ಸದಾ ಸಿಕ್ಕಿಸಿಟ್ಟಿದ್ದ ಹಾರ್ಡ್ ಡಿಸ್ಕೂ ಹೋಯಿತು. ರಿಪೇರಿಯವರು ಎರಡನ್ನೂ ನೋಡಿ ಕೈಚೆಲ್ಲಿದರು. ಅಪ್ಪ ಹನ್ನೆರಡು ವರ್ಷ ತೆಗೆದ ಫೋಟೋಗಳು, ಅಜ್ಜಿ ಹಸೆಹಾಡು ಹೇಳುವಾಗ ರೆಕಾರ್ಡ್ ಮಾಡಿದ ಆಡಿಯೋ, ಎಲ್ಲ ಅದರಲ್ಲೇ ಇತ್ತು. ಉಳಿದಿದ್ದು ಆರು ಹಾಡು. ಶಿವಮೊಗ್ಗದ ಅತ್ತೆ ಕೇಳಿದರೆಂದು ಯಾವತ್ತೋ ಒಂದು ಪೆನ್ ಡ್ರೈವ್‌ಗೆ ಹಾಕಿ ಕೊಟ್ಟಿದ್ದೆ, ಅದು ಅವರ ದೇವರ ಮನೆಯ ಡ್ರಾಯರ್‌ನಲ್ಲಿ ಹಾಗೇ ಇತ್ತು.

ಹಾಗಾಗಿ ಬ್ಯಾಕಪ್ ಅಂದಾಗ ನಾನು ಮೊದಲು ಕೇಳುವುದು ಯಾವ ಕಂಪನಿಯ ಡಿಸ್ಕ್ ಅಂತಲ್ಲ. ಕಂಪ್ಯೂಟರಿಗೆ ಆದದ್ದು ಅದಕ್ಕೂ ಆಗಬಹುದಾ ಅಂತ ಕೇಳುತ್ತೇನೆ.

ಮೊದಲು ಏನೇನಿದೆ ನೋಡಿ

ಇಡೀ ಕಂಪ್ಯೂಟರನ್ನು ಕಾಪಿ ಮಾಡಬೇಕಿಲ್ಲ. ವಿಂಡೋಸ್ ಮತ್ತೆ ಹಾಕಿಸಬಹುದು, ಸಾಫ್ಟ್‌ವೇರ್ ಮತ್ತೆ ಇಳಿಸಿಕೊಳ್ಳಬಹುದು. ಮತ್ತೆ ಸಿಗದೇ ಇರುವುದನ್ನು ಹುಡುಕಿ: ಫೋಟೋ, ವಿಡಿಯೋ, ಮಕ್ಕಳ ಅಂಕಪಟ್ಟಿ, ಜಮೀನಿನ ದಾಖಲೆಗಳ ಸ್ಕ್ಯಾನ್, ಅಂಗಡಿ ಇದ್ದರೆ ಟ್ಯಾಲಿ ಡೇಟಾ. ಎಲ್ಲವನ್ನೂ ಒಂದೇ ದೊಡ್ಡ ಫೋಲ್ಡರಿಗೆ ತನ್ನಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಜಿಬಿ ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು. ನುಡಿ ಅಥವಾ ಬರಹ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಕನ್ನಡ ಫೈಲುಗಳಿದ್ದರೆ ಅವುಗಳ ಫಾಂಟನ್ನೂ ಜೊತೆಗೆ ಕಾಪಿ ಮಾಡಿಕೊಳ್ಳಿ. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕಾಣಿಸುವ ಯುನಿಕೋಡ್ ಪದ್ಧತಿ ಬಳಕೆಗೆ ಬರುವ ಮೊದಲಿನ ಆ ಫೈಲುಗಳನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಇದ್ದೂ ಓದಲು ಬರುವುದಿಲ್ಲ. ಪುರುಸೊತ್ತು ಮಾಡಿಕೊಂಡು ಯುನಿಕೋಡ್‌ಗೆ ಬದಲಾಯಿಸಿಟ್ಟರೆ ಇನ್ನೂ ಒಳ್ಳೆಯದು, ಎರಡರಲ್ಲೂ ಅದಕ್ಕೆ ಕನ್ವರ್ಟರ್ ಇದೆ.

ಡಿ ಡ್ರೈವ್ ಬ್ಯಾಕಪ್ ಅಲ್ಲ

ಇದನ್ನು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ, "ನಾನು ಎಲ್ಲ ಡಿ ಡ್ರೈವ್‌ನಲ್ಲಿ ಇಟ್ಟಿದ್ದೀನಿ, ಏನೂ ಆಗಲ್ಲ" ಅಂತ. ವಿಂಡೋಸ್ ಹಾಳಾಗಿ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ, ನಿಜ. ಆದರೆ ಹೆಚ್ಚಿನ ಮನೆಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಈಗಿನ ಎಸ್‌ಎಸ್‌ಡಿಗಳಲ್ಲಂತೂ ಅಳಿಸಿದ ಫೈಲನ್ನು ಆಮೇಲೆ ವಾಪಸ್ ತರುವುದು ಬಹಳ ಕಷ್ಟ, ಅಳಿಸಿದ ಜಾಗವನ್ನು ಅದು ತಾನಾಗೇ ಖಾಲಿ ಮಾಡಿಕೊಳ್ಳುತ್ತದೆ.

ಒಂದಲ್ಲ, ಎರಡು ಡಿಸ್ಕ್ ತನ್ನಿ

ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ಲೆಕ್ಕವಿದೆ. ಒಟ್ಟು 3 ಪ್ರತಿ, 2 ಬೇರೆ ಬೇರೆ ತರಹದ ಸಾಧನದಲ್ಲಿ, 1 ಮನೆಯಿಂದ ಹೊರಗೆ. ನಾನು ಈಗ ಮಾಡುವುದು ಹೀಗೆ: ಕಂಪ್ಯೂಟರಿನಲ್ಲಿ ಒಂದು, ಬೀರುವಿನ ಡಿಸ್ಕಿನಲ್ಲಿ ಒಂದು, ಅತ್ತೆ ಮನೆಯಲ್ಲಿ ಒಂದು, ಜೊತೆಗೆ ತೀರಾ ಮುಖ್ಯವಾದ ಕಾಗದಪತ್ರ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರಿನಲ್ಲಿ, ಅಂದರೆ ಕ್ಲೌಡ್‌ನಲ್ಲಿ.

ನಿಮ್ಮ ಡೇಟಾದ ಎರಡರಷ್ಟು ಜಾಗ ಇರುವ ಯುಎಸ್‌ಬಿ ಹಾರ್ಡ್ ಡಿಸ್ಕ್ ಸಾಕು. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ 16 ಟಿಬಿ ಅಂತ ಮಾರುವುದನ್ನು ದಯವಿಟ್ಟು ಮುಟ್ಟಬೇಡಿ, ಒಳಗೆ ಅಷ್ಟು ಜಾಗ ಇರುವುದೇ ಇಲ್ಲ, ತುಂಬಿದ ಮೇಲೆ ಹಾಕಿದ ಫೈಲು ಸುಮ್ನೆ ಹಾಳಾಗುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದಕ್ಕೆ ಎಸ್‌ಎಸ್‌ಡಿಗಿಂತ ಮಾಮೂಲಿ ಹಾರ್ಡ್ ಡಿಸ್ಕ್ ಮೇಲು. ಬಹಳ ಕಾಲ ಕರೆಂಟು ಸಿಗದೇ ಹೋದರೆ ಎಸ್‌ಎಸ್‌ಡಿಯಲ್ಲಿ ಇಟ್ಟಿದ್ದು ಅಳಿಸಿಹೋಗಬಹುದು. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬ, ಹೊಸ ಬ್ಯಾಗು ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು.

ತಾನಾಗೇ ಆಗುವಂತೆ ಮಾಡಿ

ಕೈಯಿಂದ ಕಾಪಿ ಮಾಡುವುದು ಎರಡು ತಿಂಗಳು ನಡೆಯುತ್ತದೆ, ಆಮೇಲೆ ಮರೆತುಹೋಗುತ್ತದೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ಇದೆ. ಡಿಸ್ಕ್ ಸಿಕ್ಕಿಸಿ, ಅದನ್ನು ತೆರೆದು, ಟರ್ನ್ ಆನ್ ಒತ್ತಿ. ಡಿಸ್ಕ್ ಸಿಕ್ಕಿಸಿದ್ದಷ್ಟು ಹೊತ್ತು ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ಎತ್ತಿಡುತ್ತದೆ, ಹಳೇ ಆವೃತ್ತಿಗಳನ್ನೂ ಉಳಿಸುತ್ತದೆ. ಆದರೆ ಅದು ನೋಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥವನ್ನು. ಡಿ ಡ್ರೈವ್‌ನಲ್ಲಿರುವುದನ್ನು ತಾನಾಗೇ ಸೇರಿಸಿಕೊಳ್ಳುವುದಿಲ್ಲ. ಆ ದೊಡ್ಡ ಫೋಲ್ಡರನ್ನು ಡಾಕ್ಯುಮೆಂಟ್ಸ್ ಒಳಗೇ ಇಡಿ. ಮ್ಯಾಕ್ ಇದ್ದವರಿಗೆ 2007ರಿಂದಲೂ ಟೈಮ್ ಮಷೀನ್ ಅನ್ನುವ ಇಂಥದ್ದೇ ಸೌಲಭ್ಯ ಇದೆ, ಅದನ್ನು ಬಿಟ್ಟು ಬೇರೆ ಹುಡುಕುವುದೇ ಬೇಡ.

ಭಾನುವಾರ ಬೆಳಿಗ್ಗೆ ಡಿಸ್ಕ್ ಸಿಕ್ಕಿಸಿ. ಕೆಲಸ ಮುಗಿದ ಮೇಲೆ ಇಜೆಕ್ಟ್ ಕೊಟ್ಟು ತೆಗೆದು ಬೀರುವಿಗೆ ಇಡಿ. ಸಿಡಿಲಿಗೆ ಮಾತ್ರ ಅಲ್ಲ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೂ ಇದೇ ಮದ್ದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ಅಂಥದ್ದೊಂದು ಬಂದಾಗ ಲೋಕದಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ಅಂಥದ್ದು ಹೊಕ್ಕರೆ ಆ ಹೊತ್ತಿಗೆ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಕ್ಲೌಡ್ ಎಷ್ಟರ ಮಟ್ಟಿಗೆ?

ಗೂಗಲ್ 15 ಜಿಬಿ ಪುಕ್ಕಟೆ ಕೊಡುತ್ತದೆ, ಜಿಮೇಲ್, ಫೋಟೋಸ್, ಡ್ರೈವ್ ಎಲ್ಲ ಸೇರಿ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ 5 ಜಿಬಿ. ದಾಖಲೆಗಳಿಗೆ ಸಾಕು, ವಿಡಿಯೋಗಳಿಗೆ ಸಾಲದು. ದುಡ್ಡು ಕೊಟ್ಟು ಜಾಗ ತೆಗೆದುಕೊಳ್ಳುವ ಮೊದಲು ನಿಮ್ಮ ಅಪ್‌ಲೋಡ್ ವೇಗ ನೋಡಿ. 40 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ 5 ಎಂಬಿ ಹೋಗುತ್ತದೆ, 200 ಜಿಬಿಗೆ ಸುಮಾರು 11 ಗಂಟೆ. ನಮ್ಮ ಕಡೆಯ ಹಾಗೆ 4 ಎಂಬಿಪಿಎಸ್ ಇದ್ದರೆ ನಾಲ್ಕೂವರೆ ದಿನಕ್ಕೂ ಜಾಸ್ತಿ, ಅದೂ ಕರೆಂಟು ಹೋಗದೇ ಇದ್ದರೆ.

ಮತ್ತೊಂದು. ಸಿಂಕ್ ಆಗುವ, ಅಂದರೆ ಕಂಪ್ಯೂಟರಿನಲ್ಲೂ ಕ್ಲೌಡ್‌ನಲ್ಲೂ ಸದಾ ಒಂದೇ ಥರ ಇರುವ ಫೋಲ್ಡರ್ ಬ್ಯಾಕಪ್ಪಿನ ಹಾಗೆ ಕಂಡರೂ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮಗು ಫೋಲ್ಡರ್ ಅಳಿಸಿದ್ದು ಎರಡು ತಿಂಗಳ ನಂತರ ಗೊತ್ತಾದರೆ ಏನು ಮಾಡುತ್ತೀರಿ, ಅಲ್ವಾ?

ತೆರೆದು ನೋಡಿ

ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಹೆಸರು ಕಂಡರೆ ಸಾಲದು. ಒಂದು ಹಳೇ ಫೋಟೋ, ಒಂದು ವಿಡಿಯೋ, ಒಂದು ಪಿಡಿಎಫ್ ಪೂರ್ತಿ ತೆರೆದು ನೋಡಿ, ಹೋದ ವಾರದ್ದೂ ಬಂದಿದೆಯಾ ನೋಡಿ. ಐದು ನಿಮಿಷದ ಕೆಲಸ.

ಹೊರಗಿಡುವ ಡಿಸ್ಕನ್ನು ಬದಲಾಯಿಸಲು ನಾನು ಹಬ್ಬಗಳನ್ನೇ ಗುರುತಿಟ್ಟುಕೊಂಡಿದ್ದೇನೆ. ಯುಗಾದಿಗೆ ಶಿವಮೊಗ್ಗಕ್ಕೆ ಹೋದಾಗ ಹೊಸದಾಗಿ ತುಂಬಿದ ಡಿಸ್ಕ್ ಕೊಟ್ಟು ಅಲ್ಲಿದ್ದದ್ದನ್ನು ತರುತ್ತೇನೆ, ದೀಪಾವಳಿಗೆ ಮತ್ತೆ ಅದೇ. ಡಬ್ಬದ ಮೇಲೆ ತಾರೀಖು ಬರೆದಿರುತ್ತೇನೆ. ಅತ್ತೆ ಅದನ್ನು ಇವತ್ತಿಗೂ ಆ ಪೆನ್ ಡ್ರೈವ್ ಇದ್ದ ಡ್ರಾಯರ್‌ನಲ್ಲೇ ಇಡುತ್ತಾರೆ.