ಟೆಂಡರ್ ಪ್ರತಿ ಬೇಡ, ಪ್ರೀ-ಬಿಡ್ ಪ್ರಶ್ನೆ ಕೊಡಿ

"ಅವರ ಕಾಯ್ದೆ ಬೇರೆ, ನಮ್ಮ ಕೆಟಿಪಿಪಿ (ಕರ್ನಾಟಕದ ಸರ್ಕಾರಿ ಖರೀದಿ ಕಾಯ್ದೆ) ಬೇರೆ. ಢಾಕಾದವರ ಹತ್ತಿರ ಏನು ಕಲೀತೀರಿ ಸಾರ್?" ಅಂತ ನಮ್ಮ ಲೆಕ್ಕಪತ್ರ ವಿಭಾಗದವರು ಕೇಳಿದ್ದರು. ಕುಡಿಯುವ ನೀರಿನ ಪಂಪ್‌ಸೆಟ್ ಟೆಂಡರ್ ಮೂರನೇ ಸಲಕ್ಕೆ ಕೈಗೂಡಿದ ಮೇಲೆ ಅವರೇ ಬಂದು, ಬೇರೆ ದೇಶಗಳ ಖರೀದಿ ಅಧಿಕಾರಿಗಳಿಂದ ನಾನು ಕೂಡಿಸಿದ ಪ್ರೀ-ಬಿಡ್ ಪ್ರಶ್ನೆಗಳ (ಬಿಡ್ ಹಾಕುವ ಮುಂಚೆ ಗುತ್ತಿಗೆದಾರರು ಕೇಳುವ ಪ್ರಶ್ನೆಗಳ) ಪಟ್ಟಿ ಕೇಳಿ ಪಡೆದರು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಸಲದ ತಪ್ಪು ನನ್ನದೇ. ತರಬೇತಿಯಲ್ಲಿ ಪರಿಚಯವಾದ ಕೊರಿಯಾದ ಅಧಿಕಾರಿಯೊಬ್ಬರು ತಮ್ಮ ಟೆಂಡರ್ ದಾಖಲೆ ಕಳಿಸಿದ್ದರು. ಅದರ ಎರಡು ಪುಟ ಎತ್ತಿ ನಮ್ಮ ಸ್ಪೆಸಿಫಿಕೇಶನ್‌ಗೆ ಸೇರಿಸಿಬಿಟ್ಟೆ. ಅಲ್ಲಿ ಕರೆಂಟ್ 60 ಹರ್ಟ್ಜ್, ನಮ್ಮಲ್ಲಿ 50. ಆ ಪಂಪ್ ಇಲ್ಲಿ ಓಡಿಸಿದರೆ ಹೆಡ್ (ನೀರೆತ್ತುವ ಎತ್ತರ) ಸುಮಾರು ಶೇ. 30 ಬಿದ್ದುಹೋಗುತ್ತದೆ, ನೀರು ಟ್ಯಾಂಕಿಗೆ ಏರುವುದೇ ಇಲ್ಲ. ಪ್ರೀ-ಬಿಡ್ ಸಭೆಯಲ್ಲಿ ಗುತ್ತಿಗೆದಾರರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಟೆಂಡರ್ ರದ್ದಾಯಿತು. ಜಾಹೀರಾತಿನ ದುಡ್ಡು 40 ಸಾವಿರದಷ್ಟು ಹೋಯಿತು, ಎರಡು ತಿಂಗಳೂ ಹೋದವು. ಎರಡನೇ ಸಲ ಹಳೇ ನಮೂನೆಯಲ್ಲೇ ಕರೆದೆ. ಬಂದದ್ದು ಒಂದೇ ಬಿಡ್, ಅದೂ ಅಂದಾಜಿಗಿಂತ ಶೇ. 18ರಷ್ಟು ಜಾಸ್ತಿ.

ಆಮೇಲೆ ಹೊಳೆಯಿತು: ಟೆಂಡರ್ ದಾಖಲೆ ದೇಶಕ್ಕೊಂದು ಥರ, ಬಿಡ್ಡರುಗಳ ಅನುಮಾನ ಮಾತ್ರ ಎಲ್ಲ ಕಡೆ ಒಂದೇ. ಕಠ್ಮಂಡು, ಢಾಕಾ, ಕೊಲಂಬೊದ ಗೆಳೆಯರಿಗೆ ಬರೆದೆ. ಮುಗಿದ ಟೆಂಡರಿನವು ಮಾತ್ರ, ಹೆಸರು ಅಳಿಸಿ, ಬಂದ ಪ್ರಶ್ನೆ ಮತ್ತು ಕೊಟ್ಟ ಉತ್ತರ ಕಳಿಸಿ ಅಂದೆ. ನಮ್ಮವನ್ನೂ ಕೊಟ್ಟೆ. ಎಲ್ಲ ಸೇರಿ 70ರ ಆಸುಪಾಸು.

ಅದರಲ್ಲಿ ಒಂದು ಪ್ರಶ್ನೆ ನನ್ನ ಕಣ್ಣು ತೆರೆಸಿತು: "ಪಂಪಿನ ಎಫಿಶಿಯೆನ್ಸಿಯನ್ನು ಫ್ಯಾಕ್ಟರಿಯಲ್ಲಿ ಅಳೆಯುತ್ತೀರೋ, ಕೂರಿಸಿದ ಜಾಗದಲ್ಲೋ? ಕಡಿಮೆ ಬಂದರೆ ಬಿಲ್ಲಿನಲ್ಲಿ ಎಷ್ಟು ಹಿಡಿಯುತ್ತೀರಿ?" ನಾವು ಇದನ್ನು ಎಂದೂ ಬರೆದವರಲ್ಲ. ಎಫಿಶಿಯೆನ್ಸಿ ಕಡಿಮೆ ಇದ್ದರೆ ಕರೆಂಟ್ ಖರ್ಚು ಏರುತ್ತದೆ, ಲೆಕ್ಕ ಹಾಕಿ ನೋಡಿ. 100 ಎಚ್‌ಪಿ ಪಂಪ್ ದಿನಕ್ಕೆ 20 ಗಂಟೆ ಓಡಿದರೆ ವರ್ಷಕ್ಕೆ 5 ಲಕ್ಷ ಯೂನಿಟ್ ದಾಟುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 30 ಲಕ್ಷಕ್ಕಿಂತ ಜಾಸ್ತಿ. ಪಂಪಿನ ಬೆಲೆ 9 ಲಕ್ಷವೇನೋ. ಆ 9 ಲಕ್ಷದಲ್ಲೇ ಎಲ್-1 (ಅತಿ ಕಡಿಮೆ ಬೆಲೆಯ ಬಿಡ್) ಹುಡುಕುತ್ತಾ ಕೂತಿದ್ದೆವು. ಈ ಸಲ ಐದು ವರ್ಷದ ಕರೆಂಟ್ ಖರ್ಚನ್ನೂ ಬೆಲೆಗೆ ಕೂಡಿಸುವ ಸೂತ್ರವನ್ನು ಟೆಂಡರಿನಲ್ಲೇ ಅಚ್ಚು ಹಾಕಿದೆ. ಆಡಿಟ್ ಆಕ್ಷೇಪ ಬರುತ್ತದೆ ಅಂತ ಹೆದರಿಸಿದರು. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ವಿದ್ಯುತ್ ನಷ್ಟವನ್ನು ಹೀಗೇ ಬೆಲೆಗೆ ಸೇರಿಸುವ ರೂಢಿ ಇದೆಯಲ್ವಾ, ಅದನ್ನೇ ಕಡತದಲ್ಲಿ ತೋರಿಸಿದೆ. ಫೈಲ್ ಪಾಸಾಯಿತು. ಐದು ಬಿಡ್ ಬಂದವು, ಬೆಲೆ ಅಂದಾಜಿಗಿಂತ ಸ್ವಲ್ಪ ಕೆಳಗೇ ನಿಂತಿತು.

ನಡುವೆ ಇನ್ನೊಂದು ಪ್ರಯೋಗ. ಉಕ್ರೇನಿನ ಸರ್ಕಾರಿ ಆನ್‌ಲೈನ್ ಖರೀದಿ ವ್ಯವಸ್ಥೆ ಪ್ರೊಜೊರೊದಲ್ಲಿ ಬಿಡ್ಡರುಗಳು ಹೆಸರು ಕಾಣದ ಹಾಗೆ ಮೂರು ಸುತ್ತು ಬೆಲೆ ಇಳಿಸುತ್ತಾರೆ. 2016ರಲ್ಲಿ ಅಲ್ಲಿನ ಸರ್ಕಾರಿ ಖರೀದಿಗೆ ಪ್ರೊಜೊರೊ ಕಡ್ಡಾಯವಾಯಿತು. ಅದನ್ನು ನೋಡಿ ಆಸೆಯಾಗಿ ಬ್ಲೀಚಿಂಗ್ ಪೌಡರನ್ನು ಜೆಮ್‌ನಲ್ಲಿ (ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ತಾಣ) ರಿವರ್ಸ್ ಆಕ್ಷನ್‌ಗೆ, ಅಂದರೆ ಬೆಲೆ ಇಳಿಸುವ ಹರಾಜಿಗೆ, ಹಾಕಿದೆ. ಬೆಲೆ ಇಳಿಯಿತು. ಬಂದ ಮಾಲಿನಲ್ಲಿ ಕ್ಲೋರಿನ್ ಶೇ. 32 ಇರಬೇಕಾದ ಕಡೆ 24ರಷ್ಟಿತ್ತು. ಲೋಡ್ ವಾಪಸ್ ಕಳಿಸಿದೆವು. ಬೆಲೆ ಇಳಿಸುವುದನ್ನು ನೋಡಿ ಕಲಿತಿದ್ದೆ, ಮಾಲು ಇಳಿಸಿಕೊಳ್ಳುವಾಗ ಅವರು ಏನು ಪರೀಕ್ಷೆ ಮಾಡುತ್ತಾರೆ ಅಂತ ಯಾರನ್ನೂ ಕೇಳಿರಲಿಲ್ಲ. ಈಗ ಪಟ್ಟಿಯಲ್ಲಿ ಅದಕ್ಕೂ ಒಂದು ಕಾಲಂ ಇದೆ.

ಪಟ್ಟಿಯಲ್ಲಿನ ಎರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಒಳಗೊಳಗೇ ರೇಟು ಹೊಂದಿಸಿಕೊಂಡು ಬರುವವರನ್ನು ಹಿಡಿಯಲು ಅವು ಬೇಕು, ಇದನ್ನು ಗುತ್ತಿಗೆದಾರರೂ ಓದುತ್ತಾರೆ. ಖರೀದಿ ವಿಭಾಗದವರು ಕೇಳಿದರೆ ಪೂರ್ತಿ ಪಟ್ಟಿ ಕೊಡುತ್ತೇನೆ, ಬದಲಿಗೆ ನಿಮ್ಮ ಮುಗಿದ ಟೆಂಡರಿನ ಪ್ರಶ್ನೆಗಳನ್ನು ಕೊಡಬೇಕು. ಕೊಲಂಬೊದವರು ಪೈಪಿನ ಪಟ್ಟಿ ಕೇಳಿದ್ದಾರೆ. ಈ ವಾರ ಅದರದ್ದೇ ಕೆಲಸ.