ಕ್ಯಾಲಿಫೋರ್ನಿಯಾದಲ್ಲಿ ಪ್ಯಾನೆಲ್ ಬದಲಿಸುವ ಮುಂಚೆ ಕೊಟೇಶನ್ ಓದುವುದು ಹೇಗೆ

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಕೂಡಲೇ ಕೇಳುವ ಮಾತು ಒಂದೇ: "ಮನೆಯ ಪ್ಯಾನೆಲ್ 100 ಆಂಪ್ ಸಾಲದು, 200ಕ್ಕೆ ಏರಿಸಬೇಕು." ಪ್ಯಾನೆಲ್ ಅಂದರೆ ಸೋಲಾರ್ ಅಲ್ಲ, ಮನೆಯ ಬ್ರೇಕರುಗಳೆಲ್ಲ ಇರುವ ಮೇನ್ ಪೆಟ್ಟಿಗೆ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಕಿಲೋವ್ಯಾಟಿನಲ್ಲಿ ಇರುತ್ತದೆ, ಇಲ್ಲಿ ಮಾತೆಲ್ಲ ಆಂಪಿನಲ್ಲಿ. 240 ವೋಲ್ಟಿನಲ್ಲಿ 100 ಆಂಪ್ ಅಂದರೆ 24 ಕಿಲೋವ್ಯಾಟ್. ಕಮ್ಮಿಯೇನಲ್ಲ, ಅಲ್ವಾ?

ಹಾಗಾಗಿ ಬೆಲೆ ಕೇಳುವ ಮುಂಚೆ ಲೋಡ್ ಕ್ಯಾಲ್ಕುಲೇಶನ್ ಕೇಳಿ. ಮನೆಯ ಚದರಡಿ, ಒಲೆ, ಡ್ರೈಯರ್, ಏಸಿ ಎಲ್ಲ ಸೇರಿಸಿ ಕಾಗದದ ಮೇಲೆ ಹಾಕುವ ಲೆಕ್ಕ ಅದು. ಒಲೆ, ವಾಟರ್ ಹೀಟರ್ ಗ್ಯಾಸಿನದಾದರೆ ಎಷ್ಟೋ ಸಲ ಹಳೆ ಪ್ಯಾನೆಲ್ಲೇ ಸಾಕಾಗುತ್ತದೆ. 48 ಆಂಪ್ ಚಾರ್ಜರಿಗೆ 60 ಆಂಪ್ ಬ್ರೇಕರ್ ಬೇಕು, ನಿಜ. ಆದರೆ 16 ಆಂಪ್ ಚಾರ್ಜರಿಗೆ 20ರ ಬ್ರೇಕರ್ ಸಾಕು. ರಾತ್ರಿ ಎಂಟು ತಾಸಿನಲ್ಲಿ ಅದು 30 ಯೂನಿಟ್ ಎಳೆಯುತ್ತದೆ. ದಿನಾ ಆಫೀಸಿಗೆ ಹೋಗಿಬರಲು ಅದಕ್ಕಿಂತ ಜಾಸ್ತಿ ಯಾಕೆ?

ಏರಿಸಲೇಬೇಕು ಅಂತಾದರೆ ಮೂರು ಕೊಟೇಶನ್ ತೆಗೆದುಕೊಳ್ಳಿ. ನನಗೆ ಬಂದದ್ದರಲ್ಲಿ ತೀರಾ ಅಗ್ಗದ್ದು ಒಂದೇ ಸಾಲಿನದು: "ಪ್ಯಾನೆಲ್ ಅಪ್‌ಗ್ರೇಡ್, 200 ಆಂಪ್." ಸಿಟಿ ಪರ್ಮಿಟ್ ಸೇರಿದೆಯೇ? ಮೀಟರ್ ಬಾಕ್ಸ್? ನಾವು ಅರ್ಥಿಂಗ್ ಅನ್ನುವ ಗ್ರೌಂಡಿಂಗ್ ರಾಡು? ಗೋಡೆ ಒಡೆದರೆ ಗಾರೆ ಮೆತ್ತುವವರು ಯಾರು? ಒಂದಕ್ಕೂ ಉತ್ತರವಿಲ್ಲ. ಇವನ್ನೆಲ್ಲ ಸೇರಿಸಿ ಹೊಸದಾಗಿ ಬರೆಸಿದ ಮೇಲೆಯೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಆಗಿದ್ದು.

ಕರೆಂಟ್ ಕಂಪನಿಯ ಕೆಲಸವೇ ಬೇರೆ. ನಿಮ್ಮ ಮನೆಗೆ ತಂತಿ ಕಂಬದಿಂದ ಬರುತ್ತದೋ, ನೆಲದಡಿಯಿಂದಲೋ ನೋಡಿ. ನೆಲದಡಿಯಾದರೆ ಹಳೆ ಪೈಪಿನಲ್ಲಿ ದಪ್ಪ ತಂತಿ ಹಿಡಿಯದೆ ಅಂಗಳ ಅಗೆಯಬೇಕಾಗಿ ಬರಬಹುದು. ಆಗ ಪ್ಯಾನೆಲ್ಲಿಗಿಂತ ಗುಂಡಿಯ ಖರ್ಚೇ ಜಾಸ್ತಿ ಆಗಬಹುದು. ಕಂಪನಿಗೆ ಅರ್ಜಿ ಹಾಕುವವರು ಯಾರು ಅಂತ ಕೊಟೇಶನ್ನಿನಲ್ಲೇ ಬರೆಸಿ.

ಪರ್ಮಿಟ್ ಕಾಂಟ್ರಾಕ್ಟರ್ ಹೆಸರಿನಲ್ಲೇ ಆಗಲಿ. "ನೀವೇ ಓನರ್-ಬಿಲ್ಡರ್ (ಕೆಲಸ ಮಾಡಿಸುವ ಮನೆ ಮಾಲೀಕ) ಅಂತ ತಗೊಳ್ಳಿ, ಸುಲಭ" ಅಂದರೆ ಒಪ್ಪಬೇಡಿ, ಹೊಣೆಯೆಲ್ಲ ನಿಮ್ಮ ತಲೆಗೆ ಬರುತ್ತದೆ. ಎಲೆಕ್ಟ್ರಿಕಲ್ ಕೆಲಸದ ಲೈಸೆನ್ಸ್ ಸಿ-10. ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡಿನ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಅದು ಚಾಲ್ತಿಯಲ್ಲಿದೆಯೇ, ಕೆಲಸಗಾರರಿಗೆ ವಿಮೆ ಇದೆಯೇ ಅಂತ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಅಡ್ವಾನ್ಸ್ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಮ್ಮಿಯೋ ಅಷ್ಟೇ. ಅರ್ಧ ದುಡ್ಡು ಮೊದಲೇ ಕೇಳುವವರನ್ನು ಅಲ್ಲಿಗೇ ಬಿಡಿ. ಕೊನೇ ಕಂತನ್ನು ಸಿಟಿ ಇನ್‌ಸ್ಪೆಕ್ಟರ್ ಪಾಸ್ ಮಾಡುವ ತನಕ ಕೈಯಲ್ಲೇ ಇಟ್ಟುಕೊಳ್ಳುವಂತೆ ಮಾತಾಡಿಕೊಳ್ಳಿ.

ಕೆಲಸದ ದಿನ ಬೆಳಗ್ಗೆಯಿಂದ ಸಂಜೆವರೆಗೂ ಕರೆಂಟ್ ಇಲ್ಲದೇ ಇರಬಹುದು. ದೋಸೆ ಹಿಟ್ಟು ಹಿಂದಿನ ರಾತ್ರಿಯೇ ರುಬ್ಬಿಟ್ಟುಕೊಳ್ಳಿ.