'ನನ್ನ ಜೊತೆ' ಅಂದರೆ 'ವಿತ್ ಮೈ' ಅಲ್ಲ

ಎಂಟನೇ ಕ್ಲಾಸಿನ ಹುಡುಗನೊಬ್ಬ ಬರೆದಿದ್ದ: 'ಮೈ ಫಾದರ್ ಈಸ್ ಎ ಫಾರ್ಮರ್. ದೇ ಗೆಟ್ ಅಪ್ ಅಟ್ ಫೈವ್.' 'ದೇ' ಹೊಡೆದು 'ಹೀ' ಅಂತ ಬರೆದುಕೊಟ್ಟೆ. ಅವನು ನೋಟ್‌ಬುಕ್ ತೆಗೆದುಕೊಳ್ಳಲೇ ಇಲ್ಲ. "ನಮ್ಮ ಅಪ್ಪಾಜಿಗೆ ಅವನು ಅನ್ನೋದಾ ಮಿಸ್?" ಅಂದ.

ಅವನ ಲೆಕ್ಕದಲ್ಲಿ 'ದೇ' ಅಂದರೆ 'ಅವರು'. ಅಪ್ಪನಿಗೆ ಮರ್ಯಾದೆ ಕೊಟ್ಟಿದ್ದ, ಅಷ್ಟೇ. 'ಹೀ' ಅಂದರೆ 'ಅವನು' ಕೂಡ ಹೌದು, 'ಅವರು' ಕೂಡ ಹೌದು, ಅಲ್ಲಿ ಮರ್ಯಾದೆ ಸರ್ವನಾಮದಲ್ಲಿ ಇರುವುದಿಲ್ಲ ಅಂತ ಹೇಳಿದೆ. ಇಂಗ್ಲಿಷ್‌ನಲ್ಲೂ ಒಂದು ಕಾಲಕ್ಕೆ 'ನೀನು' ಅನ್ನಲು 'ದೌ' ಇತ್ತು, ಶೇಕ್ಸ್‌ಪಿಯರ್ ನಾಟಕಗಳಲ್ಲಿ ಸಿಗುತ್ತದೆ. ಈಗ ಎಲ್ಲರಿಗೂ ಬಳಸುವ 'ಯೂ' ಮೂಲದಲ್ಲಿ ಬಹುವಚನ, ನಮ್ಮ 'ನೀವು' ಇದ್ದ ಹಾಗೆ. ಇದು ಕೇಳಿ ಹುಡುಗನಿಗೆ ಸಮಾಧಾನ ಆಯಿತು.

ಮನೆಯಲ್ಲಿ ಟ್ಯೂಷನ್ ಹೇಳಿಕೊಡುವ ನಾನು ಅಲ್ಲಿಯವರೆಗೆ ಐ, ಮಿ, ಮೈ, ಮೈನ್ ಅಂತ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದೆ. ವಾಕ್ಯ ಬರೆಯಲು ಕೂತರೆ ಎಲ್ಲ ಕಲಸುಮೇಲೋಗರ. ಆಮೇಲೆ ಕನ್ನಡದ ವಿಭಕ್ತಿಯಿಂದಲೇ ಶುರು ಮಾಡಿದೆ. ನಾನು ಅಂದರೆ ಐ. ನನ್ನನ್ನು, ನನಗೆ, ಎರಡಕ್ಕೂ ಮಿ. ನನ್ನ ಅಂದರೆ ಮೈ, ನನ್ನದು ಅಂದರೆ ಮೈನ್. 'ಇದು ನನ್ನ ಪೆನ್ನು', 'ಈ ಪೆನ್ನು ನನ್ನದು' ಅಂತ ಹೇಳಿಸಿದರೆ ಮೈ, ಮೈನ್ ಗೊಂದಲ ಅಲ್ಲೇ ಮುಗಿಯುತ್ತದೆ.

ಆದರೆ ಎರಡು ಕಡೆ ಕನ್ನಡ ಕೈಕೊಡುತ್ತದೆ. ನಾನು ಜಾಸ್ತಿ ದಿನ ಕಳೆದದ್ದು ಅಲ್ಲೇ.

'ನನಗೆ ಹಸಿವಾಗಿದೆ', 'ನನಗೆ ಗೊತ್ತು'. ಇಲ್ಲಿ 'ನನಗೆ' ಇದ್ದರೂ ಇಂಗ್ಲಿಷ್‌ನಲ್ಲಿ 'ಐ ಆಮ್ ಹಂಗ್ರಿ', 'ಐ ನೋ'. ಅದಕ್ಕೇ ಜಾಗ ನೋಡಲು ಕಲಿಸಿದೆ. ಕ್ರಿಯಾಪದಕ್ಕಿಂತ ಮೊದಲು ಬಂದರೆ ಐ, ಆಮೇಲೆ ಬಂದರೆ ಮಿ: 'ಹೀ ಗೇವ್ ಮಿ ಎ ಬುಕ್.'

ಇನ್ನೊಂದು 'ನನ್ನ ಜೊತೆ'. ಕನ್ನಡದಲ್ಲಿ 'ನನ್ನ' ಇದೆಯಲ್ಲ, ಮಕ್ಕಳು ನೇರವಾಗಿ 'ಕಮ್ ವಿತ್ ಮೈ' ಅಂತ ಬರೆಯುತ್ತಾರೆ. ನಾನು ತಿದ್ದದೆ "ಮೈ ಏನು?" ಅಂತ ಕೇಳುತ್ತೇನೆ. 'ಮೈ ಸಿಸ್ಟರ್' ಅಂತ ಉತ್ತರ ಬಂದರೆ ಸರಿ, ವಾಕ್ಯಕ್ಕೆ ಆ ಪದ ಸೇರಿಸಿದರಾಯಿತು. ಏನೂ ಇಲ್ಲ ಅಂದರೆ 'ಮಿ'. ಫಾರ್, ಫ್ರಮ್, ಬಿಟ್ವೀನ್‌ಗೂ ಇದೇ. ಹಾಗಾಗಿ 'ಬಿಟ್ವೀನ್ ಯೂ ಅಂಡ್ ಮಿ', 'ಐ' ಅಲ್ಲ. ಇದನ್ನು ದೊಡ್ಡವರೂ ತಪ್ಪುತ್ತಾರೆ.

ಪರಿಚಯ ಹೇಳುವಾಗ 'ಮೈಸೆಲ್ಫ್' ಅನ್ನುವ ಅಭ್ಯಾಸ ನನಗೂ ಇತ್ತು. 'ಐ ಆಮ್' ಸಾಕು. ಕೈ ಕೊಯ್ದುಕೊಂಡಾಗ 'ಐ ಕಟ್ ಮೈಸೆಲ್ಫ್', ಯಾರ ಸಹಾಯವೂ ಇಲ್ಲದೆ ನಾನೇ ಮಾಡಿದಾಗ 'ಐ ಡಿಡ್ ಇಟ್ ಮೈಸೆಲ್ಫ್'. ಅಲ್ಲಿ ಆ ಪದ ಬೇಕು.

'ಮಳೆ ಬರ್ತಿದೆ' ಅನ್ನುವುದಕ್ಕೆ 'ಇಟ್ ಈಸ್ ರೈನಿಂಗ್' ಬದಲು ಬರೀ 'ಈಸ್ ರೈನಿಂಗ್' ಅಂತ ಬರೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ಆ 'ಇಟ್'ಗೆ ಕನ್ನಡದಲ್ಲಿ ಜೋಡಿ ಪದವೇ ಇಲ್ಲ, ವಿಭಕ್ತಿಯೂ ಸಹಾಯಕ್ಕೆ ಬರುವುದಿಲ್ಲ. ಅದಕ್ಕೇ ದಿನಾ ಪಾಠಕ್ಕೆ ಮೊದಲು ಒಬ್ಬೊಬ್ಬರೂ ಕಿಟಕಿ ನೋಡಿ ಒಂದು ವಾಕ್ಯ ಹೇಳಬೇಕು: 'ಇಟ್ ಈಸ್ ಹಾಟ್', 'ಇಟ್ ಈಸ್ ಗೆಟಿಂಗ್ ಡಾರ್ಕ್'. ಈ ವಾರ ನಾಲ್ಕು ಜನ ನಾನು ಕೇಳುವ ಮೊದಲೇ ಹೇಳಿದರು.